ಹಾಸುಗಲ್ಲಿನ ಮೇಲೆ ಮಾಗಿದ ಗಾಯ

ಶಹಾಬಾದಿನಲ್ಲಿ ಮನೆಗೆ ಹಾಸುಗಲ್ಲು ಆರಿಸುತ್ತಿದ್ದೆ. ಗೋಡೆಗೆ ಒರಗಿಸಿದ್ದ ಒಂದು ಕಲ್ಲಿನ ಮೇಲೆ ಉಂಗುರದೊಳಗೆ ಉಂಗುರ ಕೊರೆದಿತ್ತು. ‘ಇದು ಎಷ್ಟು?’ ಎಂದೆ.

ಕಲ್ಲು ಕೊಯ್ಯುತ್ತಿದ್ದ ಹಿರಿಯರು ನನ್ನ ಗುರುತು ಹಿಡಿದು ನಕ್ಕರು. ‘ಅದು ಮಾರೂದಲ್ರಿ ಸಿಸ್ಟರ್, ನನ್ನ ಕಾಲಿನ ಗಾಯ ಅದ. ವಾರಾ ವಾರಾ ನೀವು ಬರ್ಕೊಂಡಿದ್ದು ನೋಡಿ ಬಂದು ಕೊರೀತಿದ್ದೆ. ಸಣ್ಣ ಆಗ್ಲಿಕತ್ತದ ಅಂತ ಭಾಳ ಧೈರ್ಯ ಬರ್ತಿತ್ತು.’

ಸ್ಪಿರಿಟ್ ವಾಸನೆಯ ಆ ಹಳೆಯ ಡ್ರೆಸಿಂಗ್ ಕೋಣೆ ಕಣ್ಮುಂದೆ ಬಂತು. ಆಗ ನಾವು ನರ್ಸುಗಳು ತೊಳೆದು ಪಾರದರ್ಶಕ ಮಾಡಿದ ಹಳೆಯ ಎಕ್ಸ್-ರೇ ಹಾಳೆಯನ್ನು ಗಾಯದ ಮೇಲೆ ಹಿಡಿದು ಅದರ ಅಂಚು ಬರೆದುಕೊಳ್ಳುತ್ತಿದ್ದೆವು. ಇವರು ಪ್ರತಿಸಲ ‘ಕೊಡ್ರಿ, ನೋಡ್ತೀನಿ’ ಎಂದು ಕೈ ಚಾಚುತ್ತಿದ್ದರು.

ಈಗ ದಾಖಲೆಯೆಲ್ಲ ಮೊಬೈಲಿನಲ್ಲಿ. ಗಾಯದ ಫೋಟೊ ತೆಗೆದ ಮೇಲೆ, ಹೋದ ವಾರದ್ದನ್ನೂ ಅದರ ಪಕ್ಕದಲ್ಲಿಟ್ಟು, ಪರದೆಯನ್ನು ಮೊದಲು ರೋಗಿಯ ಕಡೆ ತಿರುಗಿಸುತ್ತೇನೆ.