ಬುರುಸು, ಬಿರುಸಲ್ಲ

ನಮ್ಮ ಮಾವನವರ ಮೈಯೆಲ್ಲ ಕೆಂಪು, ಗಲ್ಲ ಮಾತ್ರ ಸ್ವಚ್ಛ. ಕಬ್ಬಿಣದ ಅದಿರಿನ ಧೂಳು ಅವರ ಕೂದಲಲ್ಲಿ, ಕಿವಿಯಲ್ಲಿ, ಉಗುರಿನ ಸಂದಿಯಲ್ಲಿ ಕೂತು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಆದರೆ ಎರಡೂ ಗಲ್ಲ ಮತ್ತು ಗದ್ದ ಮಾತ್ರ ಬೆಳಗಿಟ್ಟ ತಾಟಿನ ಹಾಗೆ ಫಳಫಳ. ಎಲ್ಲೋ ಒಂದು ಕಡೆ ಬ್ಲೇಡು ತಾಗಿ, ರಕ್ತ ನಿಲ್ಲಲೆಂದು ಹಚ್ಚಿದ ಪೇಪರಿನ ಚೂರು. ಮದುವೆಯಾಗಿ ಗದಗಿನ ಕಡೆಯಿಂದ ಗೋವಾದ ವಾಸ್ಕೋದ ತಗಡಿನ ಮನೆಗೆ ಬಂದ ಹೊಸತರಲ್ಲಿ ಸೆರಗಿನ ಮರೆಯಿಂದ ನನಗೆ ಕಂಡದ್ದು ಇಷ್ಟೇ. "ಈ ವಯಸ್ಸಿನ್ಯಾಗ ಮದುಮಗನ್ಹಂಗ ದಿನಾ ದಾಡಿ ಯಾಕ ಮಾಡ್ಕೋತಾರ್ರಿ ಅತ್ತಿ?" ಎಂದು ಕೇಳಿದ್ದೆ. ಅತ್ತೆ ನಗಲಿಲ್ಲ. "ಹೆದರಿಕಿಗೆವ್ವಾ," ಎಂದರು.

ಆ ಹೆದರಿಕೆಗೆ ಕಾರಣವಿತ್ತು. ನಾನು ಬರುವುದಕ್ಕೆ ಮುಂಚೆ ಮಾವನವರು ಹರಕೆಗೆಂದು ದಾಡಿ ಬಿಟ್ಟಿದ್ದರಂತೆ. ಅವರು ಕೆಲಸ ಮಾಡುತ್ತಿದ್ದುದು ಬಾರ್ಜಿಗೆ ಅದಿರು ತುಂಬುವ ಒಂದು ಕಂಪನಿಯಲ್ಲಿ. ಗೇಟಿನವನು ಪಾಸಿನ ಫೋಟೋ ನೋಡಿ, ಮುಖ ನೋಡಿ, "ಇದು ನೀನಲ್ಲ" ಎಂದು ಹಿಂದಕ್ಕೆ ಅಟ್ಟಿದ. ನಾನೇ, ನಾನೇ ಎಂದು ಕೈಮುಗಿದರೂ ಕೇಳಲಿಲ್ಲ. ನಮ್ಮನ್ನು ಅಲ್ಲಿಯ ಮಂದಿ 'ಘಾಟಿ' ಎಂದು ಕರೆಯುತ್ತಿದ್ದ ಕಾಲ. ಘಟ್ಟ ಇಳಿದು ಬಂದವರು ಎಂಬ ಅರ್ಥ, ಆದರೆ ಹೇಳುವ ಧಾಟಿಯೇ ಬೇರೆ. ಆ ದಿನ ಮನೆಗೆ ಬಂದವರೇ ಹರಕೆಯನ್ನು ದೇವರ ಪಾಲಿಗೆ ಬಿಟ್ಟು ದಾಡಿ ಬೋಳಿಸಿದರು. ಆಮೇಲೆ ಒಂದು ದಿನವೂ ಕೂದಲು ಚಿಗುರಲು ಬಿಡಲಿಲ್ಲ. "ಮಾರಿ, ಪಾಸು ಎರಡೂ ಜಗಳಾಡಬಾರ್ದು" ಎನ್ನುವುದು ಮುಖ ಸವರಿಕೊಂಡು ಅವರು ಹೇಳುವ ಮಾತು. ಪಾಸು ಹೋದರೆ ಕೆಲಸ ಹೋದಂತೆ, ಕೆಲಸ ಹೋದರೆ ನಾವು ಗೋವಾದಲ್ಲಿ ಯಾರೂ ಅಲ್ಲ. ಈ ಒಂದು ಯೋಚನೆ ಅವರ ಎದೆಯಲ್ಲಿ ಕೂತುಬಿಟ್ಟಿತ್ತು. ಓಣಿಯಲ್ಲಿ ಮೋಟರ್‌ಸೈಕಲ್ ನಿಂತ ಸದ್ದಾದರೂ ಸಾಕು, ಊಟದ ತಾಟಿನ ಮುಂದೆ ಕೂತವರು ಎಡಗೈಯಿಂದ ಅಂಗಿಯ ಕಿಸೆ ಮುಟ್ಟಿ ಪಾಸು ಇದೆಯೇ ಎಂದು ನೋಡಿಕೊಳ್ಳುವರು.

ಡಬಲ್ ಡ್ಯೂಟಿ ಇದ್ದ ದಿನ ಇನ್ನೂ ಫಜೀತಿ. ಮೊದಲ ಪಾಳಿ ಮುಗಿಸಿ ಹೊರಗೆ ಬಂದು ಮತ್ತೆ ಒಳಗೆ ಹೋಗುವಷ್ಟರಲ್ಲಿ ಅವರ ಹಾಳಾದ ದಾಡಿ ಚಿಗುರಿರುತ್ತಿತ್ತು. ಅದಕ್ಕೇ ಮನೆಯ ದಪ್ಪ ಹಿಡಿಕೆಯ ಬುರುಸನ್ನು ಬುತ್ತಿಯ ಚೀಲದಲ್ಲಿ ಹಾಕಿಕೊಂಡು ಹೋಗಲು ಶುರು ಮಾಡಿದರು. ನಾನು ಕಷ್ಟಪಟ್ಟು ಬಡಿದ ಜೋಳದ ರೊಟ್ಟಿಗೆಲ್ಲ ಸಾಬೂನಿನ ವಾಸನೆ! ಮಾವನವರಿಗೆ ಎದುರು ನಿಂತು ಹೇಳುವ ಹಾಗಿಲ್ಲ. ನಮ್ಮಲ್ಲಿ ಸೊಸೆ ಮಾವನ ಜೊತೆ ನೇರ ಮಾತಾಡುವುದಿಲ್ಲ. ಅತ್ತೆಗೆ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ, ಗೋಡೆಯ ಆಚೆ ಅವರಿಗೂ ಕೇಳಲಿ ಎಂದು. ಮುಂದಿನ ರಜೆಗೆ ಮೂವರೂ ಮಡಗಾಂವ್ ಮಾರ್ಕೆಟ್ಟಿಗೆ ಹೋದೆವು.

ಒಂದು ಬುರುಸಿಗೆ ಅವರು ಅಂಗಡಿಯವನ ಪ್ರಾಣ ತಿಂದದ್ದು ನೋಡಬೇಕಿತ್ತು. ನನ್ನನ್ನು ಸೊಸೆಯಾಗಿ ಆರಿಸುವಾಗಲೂ ಇಷ್ಟು ನೋಡಿರಲಿಕ್ಕಿಲ್ಲ. ಒಂದನ್ನು ಅಂಗೈಗೆ ಉಜ್ಜಿದರು, ಕೂದಲು ಉದುರಿತು. ಇನ್ನೊಂದು ತೀರ ಮೆತ್ತಗೆ, ಗಟ್ಟಿ ಸಾಬೂನಿನಿಂದ ನೊರೆ ಎಬ್ಬಿಸುವ ಶಕ್ತಿ ಅದಕ್ಕಿಲ್ಲ. ಕೊನೆಗೆ ಅಂಗಡಿಯವನು ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಒಂದು ಸ್ಟೀಲಿನ ಕೊಳವೆ ತೆಗೆದ. ತಿರುಪು ಬಿಚ್ಚಿದರೆ ಒಳಗೆ ಬುರುಸು. ಅದನ್ನು ಹೊರಗೆ ತೆಗೆದು ತಿರುಗಿಸಿ ಅದೇ ಕೊಳವೆಯ ಬಾಯಿಗೆ ಕೂರಿಸಿದರೆ ಕೊಳವೆಯೇ ಹಿಡಿಕೆ. ಕೆಲಸ ಮುಗಿದ ಮೇಲೆ ಮತ್ತೆ ಒಳಗೆ. "ಹಸಿ ಇದ್ದಾಗ ಮುಚ್ಚಬೇಡ ಮಾಮಾ, ತಿರುಪು ಹಿಡಕೊಂಡು ಬಿಡ್ತದೆ" ಎಂದು ಅಂಗಡಿಯವನು ಹಿಂದಿಯಲ್ಲಿ ಎಚ್ಚರಿಸಿದ. ಮಾವನವರು ಅದನ್ನು ಬಿಚ್ಚಿ, ಮುಚ್ಚಿ, ಬಿಚ್ಚಿ, ಅತ್ತೆಯ ಕಡೆ ತಿರುಗಿ ಹೇಳಿದರು: "ಹಿಂಗಿರಬೇಕ್ ನೋಡ. ಹೆದರಿಕಿ ಆತಂದ್ರ ತನ್ನೊಳಗ ತಾನ ಹೋಗಿ ಕುಂದರತೈತಿ." ಆ ದಿನ ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ.

ಅಂದಿನಿಂದ ಆ ಕೊಳವೆ ಚೀಲದ ಖಾಯಂ ಗಿರಾಕಿಯಾಯಿತು. ದಿನಾ ಸಂಜೆ ಝಾಡಿಸಿ, ಕೂದಲು ಕೆಳಗಾಗುವಂತೆ ಕಿಟಕಿಯ ಸರಳಿಗೆ ಕಟ್ಟಿ ಒಣಗಿಸಿ, ಆಮೇಲೆಯೇ ಮುಚ್ಚುವರು.

ಒಂದು ದಿನ ಮಾತ್ರ ಒಣಗಿಸಲು ಹೊತ್ತಿರಲಿಲ್ಲ. ಆಗ ದೇಶದಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಬಾಂಬು ಸಿಡಿದ ಸುದ್ದಿ ಬರುತ್ತಿದ್ದ ದಿನಗಳು. ಎಲ್ಲ ಗೇಟುಗಳಲ್ಲಿ ತಪಾಸಣೆ ಬಿಗಿಯಾಗಿತ್ತು. ಡಬಲ್ ಡ್ಯೂಟಿ. ಮಾವನವರು ಗೇಟಿನ ಹೊರಗಿನ ನಳದ ಹತ್ತಿರ ದಾಡಿ ಮಾಡಿಕೊಳ್ಳುತ್ತಿದ್ದಾಗ ಡ್ಯೂಟಿಗೆ ಕರೆಯುವ ಭೋಂಗಾ ಕೂಗಿತು. ಅವಸರದಲ್ಲಿ ಹಸಿ ಬುರುಸನ್ನೇ ಮುಚ್ಚಿ ಚೀಲಕ್ಕೆ ಹಾಕಿದರು. ಗೇಟಿನಲ್ಲಿ ಹೊಸ ವಾಚ್‌ಮನ್, ಕಾರವಾರದ ಕಡೆಯವನು. ಚೀಲದಲ್ಲಿ ಕೈಹಾಕಿ ಕೊಳವೆ ತೆಗೆದ. "ಎಂತದಿದು? ತೆಗೆ" ಎಂದ. ಮಾವನವರು ತಿರುವಿದರು, ಹಸಿಗೆ ಹಿಡಿದುಕೊಂಡಿದ್ದ ತಿರುಪು ಬಿಚ್ಚಲಿಲ್ಲ. "ಎಂತದು ಹೇಳು!" ಎಂದು ಗದರಿದ. ಹೆದರಿದಾಗ ಅವರ ನಾಲಿಗೆ ಮೊದಲೇ ತೊದಲುತ್ತಿತ್ತು. "ಬಿ... ಬಿರುಸ್ರಿ" ಎಂದುಬಿಟ್ಟರು.

ಅಷ್ಟೇ ಸಾಕಾಯಿತು. ಬಿರುಸು ಎಂದರೆ ಜಾತ್ರೆಯಲ್ಲಿ ಹಾರಿಸುವ ಬಾಣ-ಬಿರುಸು, ಸಿಡಿಯುವ ಮದ್ದು! ವಾಚ್‌ಮನ್ ಕೊಳವೆಯನ್ನು ಮರಳಿನ ಗುಡ್ಡೆಯ ಮೇಲೆ ಎಸೆದು ಸೀಟಿ ಊದಿದ. ಜೊತೆಯ ಕೆಲಸಗಾರರು ದೂರ ಓಡಿದರು. ಅದು ದಾಡಿ ಬುರುಸು ಎಂದು ಅವರಲ್ಲಿ ಕೆಲವರಿಗೆ ಚೆನ್ನಾಗಿ ಗೊತ್ತಿತ್ತು, ಆದರೆ ಬಾಯಿ ಬಿಡಲಿಲ್ಲ. ಅವರ ಕಿಸೆಯಲ್ಲೂ ಪಾಸಿತ್ತಲ್ಲ.

ನಾನು ಹಿಟ್ಟು ನಾದುತ್ತಿದ್ದೆ. ಪಕ್ಕದ ಮನೆಯವನು ಏದುಸಿರು ಬಿಡುತ್ತ ಬಂದ. "ವೈನಿ, ಮಾವಾರನ್ನ ಗೇಟಿನ್ಯಾಗ ಹಿಡದು ಕುಂದರ್ಸ್ಯಾರ್ರಿ. ಚೀಲದಾಗ ಬಾಂಬ್ ಇತ್ತಂತ. ಪೊಲೀಸ್ರಿಗೆ ಫೋನ್ ಮಾಡ್ಯಾರ." ಅತ್ತೆ ಕೂತಲ್ಲೇ ಕುಸಿದರು. ನನ್ನ ಗಂಡ ಫೋಂಡಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು, ಅವರ ಹತ್ತಿರ ಮೊಬೈಲೂ ಇರಲಿಲ್ಲ. ಪೊಲೀಸರು ಬಂದು ಜೀಪು ಹತ್ತಿಸಿದರೆ ಮುಗಿಯಿತು, ಮಾವನವರು ಆ ಹೆದರಿಕೆಗೇ ಸಾಯುತ್ತಾರೆ. ಹಿಟ್ಟಿನ ಕೈಯಲ್ಲೇ ಓಡಿದೆ.

ಗೇಟಿನ ಕ್ಯಾಬಿನ್ನಿನ ಮುಂದೆ ನೆಲದ ಮೇಲೆ ಮಾವನವರನ್ನು ಕೂರಿಸಿದ್ದರು. ಪಾಸನ್ನು ಕಸಿದುಕೊಂಡಿದ್ದರು. ಅವರ ಕೈ ಖಾಲಿ ಕಿಸೆಯನ್ನು ಮುಟ್ಟುತ್ತಲೇ ಇತ್ತು.

"ಸಾಹೇಬ್ರ, ಅದು ದಾಡಿ ಬುರುಸ್ರಿ," ಎಂದೆ ವಾಚ್‌ಮನ್ನಿಗೆ.

"ಅವನೂ ಅದೇ ಹೇಳಿದ್ದು! ಬಿರುಸು ಅಂತ ಅವನ ಬಾಯಲ್ಲೇ ಬಂತು. ಡೀಸೆಲ್ ಟ್ಯಾಂಕ್ ಇರುವ ಜಾಗಕ್ಕೆ ಮದ್ದು ತಂದಿದ್ದಾನೆ!"

"ಬಿರುಸಲ್ರೀ ಯಪ್ಪಾ, ಬುರುಸು! ಬು! ಗಲ್ಲಕ್ಕ ನೊರಿ ಹಚ್ಚತಾರಲ್ಲ, ಅದು!"

"ಹಾಗಾದ್ರೆ ನೀನೇ ತೆಗೆದು ತೋರಿಸು," ಎಂದು ಅವನು ಗೋಡೆಯ ಹಿಂದೆ ಸರಿದ.

ಮರಳಿನ ಗುಡ್ಡೆಯ ತನಕ ನಡೆದೆ. ನಿಜ ಹೇಳುತ್ತೇನೆ, ದಿನಾ ಕಿಟಕಿಯಲ್ಲಿ ನೋಡುತ್ತಿದ್ದ ಆ ಕೊಳವೆಯನ್ನು ಮುಟ್ಟಲು ನನಗೇ ಭಯವಾಯಿತು. ಇಷ್ಟು ಮಂದಿ ಹೆದರಿದ್ದಾರೆ, ಏನಾದರೂ ಇದ್ದರೆ? ಯಾರಾದರೂ ಬದಲಾಯಿಸಿದ್ದರೆ? ಕೈಯೆಲ್ಲ ಬೆವರು. ತಿರುಪು ಜಪ್ಪಯ್ಯ ಎಂದರೂ ಅಲುಗಲಿಲ್ಲ. ತಲೆಯ ಮೇಲಿನ ಸೆರಗನ್ನು ಎಳೆದು ಅದರಲ್ಲಿ ಹಿಡಿದು ತಿರುವಿದೆ. ಟಕ್ ಎಂದಿತು. ಹಿಂದೆ ಯಾರೋ ಚೀರಿದರು. ಒಳಗಿಂದ ಹಸಿ ಬುರುಸು ಹೊರಬಂತು.

"ಇಷ್ಟು ಸಣ್ಣದಿರ್ತದಾ ದಾಡಿ ಬ್ರಶ್ಶು?" ವಾಚ್‌ಮನ್ನಿಗೆ ಇನ್ನೂ ಅನುಮಾನ. ನನಗೆ ಸಿಟ್ಟು ನೆತ್ತಿಗೇರಿತು. ಚೀಲದಿಂದ ಸಾಬೂನಿನ ಚೂರು ತೆಗೆದು, ನಳದಲ್ಲಿ ಬುರುಸು ಅದ್ದಿ, ಗರಗರ ತಿರುಗಿಸಿ ನೊರೆ ಎಬ್ಬಿಸಿದೆ. ಮಾವನವರ ಮುಂದೆ ಮೊಣಕಾಲೂರಿ ಕೂತು ಅವರ ಎರಡೂ ಗಲ್ಲಕ್ಕೆ, ಗದ್ದಕ್ಕೆ ಬಳಿದೆ. ಅಲ್ಲಿಯವರೆಗೆ ನಾನು ಅವರ ಎದುರು ನಿಂತವಳಲ್ಲ, ಸೆರಗು ಸರಿಸಿ ಮುಖವೆತ್ತಿ ನೋಡಿದವಳಲ್ಲ. ಅವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ಸುತ್ತಲಿದ್ದವರು ನಗತೊಡಗಿದರು. ವಾಚ್‌ಮನ್ ನೆಲ ನೋಡುತ್ತ ಪಾಸು ವಾಪಸು ಕೊಟ್ಟ. ಮಾವನವರು ನೊರೆ ಒರೆಸಿಕೊಂಡು, ಪಾಸನ್ನು ಕಿಸೆಗಿಟ್ಟು ಡ್ಯೂಟಿಗೆ ಹೋದರು.

ಅವರು ಕಣ್ಣು ಮುಚ್ಚಿದ್ದು ಹೆದರಿಕೆಯಿಂದ ಎಂದೇ ನಾನು ತಿಳಿದಿದ್ದೆ. ಮರುದಿನ ಅವರು ಅತ್ತೆಗೆ ಹೇಳುತ್ತಿದ್ದುದು ಗೋಡೆಯ ಈಚೆ ಕೇಳಿಸಿತು: "ಹುಡುಗಿ ತಲಿಮ್ಯಾಲೆ ಸೆರಗಿರಲಿಲ್ಲ. ಮಂದ್ಯಾಗ ಅಕಿಗೆ ನಾಚಿಕಿ ಆಗಬಾರ್ದು ಅಂತ ಕಣ್ ಮುಚ್ಕೊಂಡ್ನಿ." ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಜೀವವೇ ಬಾಯಿಗೆ ಬಂದಿದ್ದ ಹೊತ್ತಿನಲ್ಲಿ ಆ ಮನುಷ್ಯ ನನ್ನ ಮಾನದ ಬಗ್ಗೆ ಯೋಚಿಸುತ್ತಿದ್ದರು.

ಹೆದರಿಕೆ ಮಾತ್ರ ಹೋಗಲಿಲ್ಲ, ಹೆಚ್ಚಾಯಿತು. ಬುರುಸು ಎಂಬ ಮಾತನ್ನೇ ಬಿಟ್ಟು 'ದಾಡಿ ಸಾಮಾನು' ಎನ್ನತೊಡಗಿದರು. ಗಣಿಗಳು ನಿಂತು, ಅದಿರು ಬರುವುದು ನಿಂತು, ಆ ಗೇಟಿಗೆ ಬೀಗ ಬಿದ್ದ ಮೇಲೂ ದಿನಾ ದಾಡಿ ತಪ್ಪಲಿಲ್ಲ. ಅಷ್ಟರಲ್ಲಿ ದಮ್ಮು ಹತ್ತಿ ಹಾಸಿಗೆ ಹಿಡಿದರು. ಕೈ ನಡುಗಿ ಬ್ಲೇಡು ನಿಲ್ಲದಾದಾಗ ನನ್ನನ್ನೇ ಕರೆದರು, ನೇರವಾಗಿ. "ಯವ್ವಾ, ದಾಡಿ ಸಾಮಾನು ತಗೊಂಬಾ." ಅಂದಿನಿಂದ ಅವರ ದಾಡಿ ನನ್ನ ಕೆಲಸವಾಯಿತು. ಮುಗಿದ ಮೇಲೆ ದಿಂಬಿನ ಕೆಳಗಿನ ಹಳೆಯ ಪಾಸು ತೆಗೆದು ಕೇಳುವರು: "ಇದರಾಗ ಇದ್ದಂಗ ಅದೀನೇನು?"

"ಹಂಗ ಅದೀರಿ ಮಾವಾರ."

"ಮತ್ತ ಯಾರೂ ತಡ್ಯಾಂಗಿಲ್ಲಲ್ಲ?"

"ಯಾರೂ ತಡ್ಯಾಂಗಿಲ್ರಿ."

ಒಂದು ಮುಂಜಾನೆ ಬಲಗಡೆ ಮುಗಿಸಿ ಎಡಗಲ್ಲಕ್ಕೆ ಬ್ಲೇಡು ಇಟ್ಟಾಗ ನನ್ನ ಕೈಗೆ ಅವರ ಉಸಿರು ತಾಗಲಿಲ್ಲ. ಕಣ್ಣು ತೆರೆದೇ ಇದ್ದವು. ಗೇಟಿನಲ್ಲಿ ನನಗಾಗಿ ಮುಚ್ಚಿಕೊಂಡಿದ್ದ ಆ ಕಣ್ಣುಗಳನ್ನು ನಾನೇ ಮುಚ್ಚಿದೆ. ಅತ್ತೆಯನ್ನು ತಕ್ಷಣ ಕೂಗಲಿಲ್ಲ. ನೊರೆ ಒಣಗುತ್ತಿತ್ತು. ಬುರುಸನ್ನು ಮತ್ತೊಮ್ಮೆ ಬಿಸಿನೀರಿಗೆ ಅದ್ದಿ ಬಳಿದು, ಎಲ್ಲೂ ಗಾಯವಾಗದ ಹಾಗೆ ನಿಧಾನವಾಗಿ ಎಡಗಡೆಯನ್ನೂ ಬೋಳಿಸಿದೆ. ಪಾಸು ತೆಗೆದು ಮುಖದ ಪಕ್ಕ ಹಿಡಿದು ನೋಡಿದೆ. ಹಾಗೆಯೇ ಇದ್ದರು. ಆಮೇಲೆ ಅತ್ತೆಯನ್ನು ಕೂಗಿದೆ.