ಶೇಡಬಾಳದ ಹಾರ್ನ್ ತಕರಾರು

ಇದು ಮೂರು ವರ್ಷದ ಹಿಂದಿನ ಮಾತು. ಚಿಕ್ಕೋಡಿಯಲ್ಲಿ ನನ್ನದು ಆಡಿಯೋ ಅಂಗಡಿ. ಮದುವೆಗಳಿಗೆ ಮೈಕ್ ಕಟ್ಟುತ್ತ ಶುರುಮಾಡಿದವನು, ಅಷ್ಟೊತ್ತಿಗೆ ಮನೆಗಳಿಗೆ ದೊಡ್ಡ ಸಿಸ್ಟಮ್ ಕೂಡಿಸಿಕೊಡುವ ಮಟ್ಟಕ್ಕೆ ಬಂದಿದ್ದೆ. ಗಿರಾಕಿಗಳನ್ನು ನಾನು ಸುಲಭಕ್ಕೆ ನಂಬುವವನಲ್ಲ. ಹಬ್ಬಕ್ಕೆ ಒಯ್ದು, ಮನಸಾರೆ ಬಾರಿಸಿ, ಸರಿಯಿಲ್ಲವೆಂದು ವಾಪಸ್ ತರುವವರನ್ನು ಬೇಕಾದಷ್ಟು ಕಂಡಿದ್ದೇನೆ.

ಶೇಡಬಾಳದ ಭರಮಣ್ಣ ಗಡಿಯಾಚೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಟರ್ಬೈನ್ ನೋಡಿಕೊಂಡು ನಿವೃತ್ತರಾದವರು. ಶಾಸ್ತ್ರೀಯ ಸಂಗೀತದ ಹುಚ್ಚು ಬಹಳ. ಅವರ ಉದ್ದನೆಯ ಪಡಸಾಲೆಗೆ ನಾನೇ ದೊಡ್ಡ ಹಾರ್ನ್ ಸ್ಪೀಕರ್ ಆರಿಸಿದ್ದೆ. ಹಾರ್ನ್ ಎಂದರೆ ದನಿ ಹೊರಡಿಸುವ ಡ್ರೈವರಿನ ಮುಂದೆ ಅಗಲವಾಗಿ ತೆರೆದ ಬಾಯಿ. ಹಾಡುವವರು ಎದುರಿಗೇ ಕೂತಂತೆ ಕೇಳಿಸುತ್ತದೆ. ತೀರ ಕೆಳಗಿನ ಸ್ವರಗಳಿಗೆ ಹದಿನೈದು ಇಂಚಿನ ಸಬ್‌ವೂಫರ್ ಬೇರೆ. ಅಂಗಡಿಯಲ್ಲಿ ವಾಲ್ಯೂಮ್ ಏರಿಸಿ ಕೇಳಿಸಿದ್ದೆ, ಎಲ್ಲ ಅಂಗಡಿಯವರೂ ಮಾಡುವ ಹಾಗೆ. ಅವರು ಖುಷಿಯಾಗಿದ್ದರು.

ವಾರದೊಳಗೆ ಫೋನ್ ಬಂತು. "ಮಿಸ್ತ್ರಿ, ಡೂಪ್ಲಿಕೇಟ್ ಹಾರ್ನ್ ಹಾಕೀರಿ. ತಂಬೂರಿ ಗುಂಯ್ ಅಂತೈತಿ, ತಂತಿ ಕೇಳೂದಿಲ್ಲ. ಬಂದು ಒಯ್ರಿ."

ಡೂಪ್ಲಿಕೇಟ್! ಮೈಯೆಲ್ಲ ಉರಿದುಹೋಯಿತು. ನಿಪ್ಪಾಣಿ ಕಡೆಯ ಯಾವನೋ ಅಂಗಡಿಯವನು ಇವರ ತಲೆ ಕೆಡಿಸಿದ್ದಾನೆ ಎಂದೇ ಅಂದುಕೊಂಡೆ. ಶೇಡಬಾಳದಲ್ಲಿ ಈ ಮಾತು ಹಬ್ಬಿದರೆ ಆ ಸೀಮೆಯಲ್ಲಿ ನನ್ನನ್ನು ಯಾರೂ ಮನೆಯೊಳಗೆ ಕರೆಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆಯೇ ಹೋದೆ.

ಹಾರ್ನ್ ಬಿಚ್ಚಿ ಡ್ರೈವರ್ ಮೇಲಿನ ಕಂಪನಿಯ ಮುದ್ರೆ ತೋರಿಸಿದೆ. ಅವರು ಒಪ್ಪಲಿಲ್ಲ. "ಅಂಗಡ್ಯಾಗ ಒಂದ ತೋರ್ಸಿ, ಇಲ್ಲಿ ಒಂದ ಕೂಡ್ಸೀರಿ" ಎಂದರು. ಅಡುಗೆಮನೆಯತ್ತ ಕೈ ಮಾಡಿ, "ಮನ್ಯಾಗೂ ಇದ ಹಣೇಬಾರ. ನಾ ಕೇಳಬಾರ್ದಂತ ಇಕಿ ಹಲ್ಲಾಗ ಮಾತಾಡ್ತಾಳ. ಯಾರನ್ನ ನಂಬೂದ್ರಿ?" ಎಂದೂ ಸೇರಿಸಿದರು.

ಅವರ ಕುರ್ಚಿಯ ಮೇಲೆ ಅಳತೆಯ ಮೈಕ್ ಇಟ್ಟೆ. ಸ್ವರಗಳೆಲ್ಲ ಅಲ್ಲಿಗೆ ಸರಿಯಾಗಿಯೇ ತಲುಪುತ್ತಿವೆ ಎಂದು ಗ್ರಾಫ್ ತೋರಿಸಿತು. "ಮಷೀನೂ ನಿಮ್ಮದ ಐತೆಲಾ" ಎಂದು ಮುಖ ತಿರುಗಿಸಿದರು. ಹಾಗಾದರೆ ನೀವೇ ಕೇಳಿ ಎಂದು, ಫೋನಿನಿಂದ ಹಾರ್ನಿಗೆ ನಾಲ್ಕು ಸಾವಿರ ಹರ್ಟ್ಸ್‌ನ ಸ್ವರವೊಂದನ್ನೇ ಹಚ್ಚಿದೆ. ಜೀರುಂಡೆ ಕೂಗಿದಂಥ ಚೂಪು ದನಿ ಅದು.

ಅವರ ಹೆಂಡತಿ ಪದ್ಮಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದರು. "ಅಯ್ಯ, ಏನ್ರೀ ಅದು! ಕಿವ್ಯಾಗ ಸೂಜಿ ಚುಚ್ಚಿದಂಗ ಆಗಾಕತ್ತೈತಿ!"

ಭರಮಣ್ಣ ನನ್ನನ್ನೇ ನೋಡುತ್ತಿದ್ದರು. "ಹಚ್ರೆಲಾ, ಯಾಕ ಸುಮ್ನ ನಿಂತೀರಿ?"

ಆಗಲೇ ಹಚ್ಚಿದ್ದೇನೆ ಎಂದೆ. ಅವರ ಮುಖ ಕೆಂಪಾಯಿತು. "ಇಬ್ರೂ ಕೂಡಿ ನಾಟಕಾ ಮಾಡಾಕತ್ತೀರೇನ?"

ಫೋನನ್ನು ಅವರ ಕೈಗೇ ಕೊಟ್ಟೆ. ಪದ್ಮಕ್ಕ, ನಾನು ಗೋಡೆಗೆ ಮುಖಮಾಡಿ ನಿಂತೆವು. ಅವರು ಸ್ವರ ಹಚ್ಚಿದಾಗ ಇಬ್ಬರೂ ಕೈ ಎತ್ತಬೇಕು, ನಿಲ್ಲಿಸಿದಾಗ ಇಳಿಸಬೇಕು. ಹತ್ತು ಸಲ ಹಾಗೇ ಆಯಿತು. ಹತ್ತು ಸಲವೂ ಇಬ್ಬರ ಕೈಗಳೂ ತಪ್ಪಲಿಲ್ಲ. ತಿರುಗಿ ನೋಡಿದರೆ ಅವರು ಫೋನ್ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಿದ್ದರು.

"ಪದ್ಮಾ, ನೀ ಸಣ್ಣಗ ಮಾತಾಡ್ತಿ ಅಂತ ಎಷ್ಟ ಜಗಳಾ ತಗದೀನಿ..."

"ಸಣ್ಣಗ ಮಾತಾಡೂದ ಬಿಟ್ಟು ಭಾಳ ವರ್ಷಾತ್ರಿ," ಎಂದರು ಪದ್ಮಕ್ಕ. "ಆಮ್ಯಾಲೆ ಮಾತಾಡೂದನ್ನ ಬಿಟ್ಟೆ."

ನನಗೆ ನಾಚಿಕೆಯಾಯಿತು. ಹಾರ್ನಿನ ಬಾಯಿ ಅಳೆದಿದ್ದೆ, ಪಡಸಾಲೆ ಅಳೆದಿದ್ದೆ. ಟರ್ಬೈನಿನ ಸದ್ದಿಗೆ ಸವೆದು ಚೂಪು ಸ್ವರ ಕೇಳದಾದ ಕಿವಿಯ ನೆನಪೇ ನನಗಾಗಿರಲಿಲ್ಲ. ಈಗ ಯಾರೇ ಬರಲಿ, ಮೊದಲು ಸಣ್ಣ ವಾಲ್ಯೂಮಿನಲ್ಲಿ ಅವರ ಕಿವಿ ಪರೀಕ್ಷಿಸಿ, ಆಮೇಲೆ ಸ್ಪೀಕರ್ ತೋರಿಸುತ್ತೇನೆ.

ಎರಡು ತಿಂಗಳ ನಂತರ ಆ ಕಡೆ ಹೋದಾಗ ಅವರ ಮನೆಯೊಳಗೆ ಹಣಕಿದೆ. ಮಿರಜಿನ ಡಾಕ್ಟರು ಕೊಟ್ಟ ಕಿವಿಯ ಮಷೀನು ಭರಮಣ್ಣನವರ ಕಿವಿಯಲ್ಲಿತ್ತು, ಹಾರ್ನಿನಲ್ಲಿ ತಂಬೂರಿ. ನಾನು, "ಈಗ ತಂತಿ ಕೇಳತೈತೇನ್ರಿ?" ಎಂದೆ. ಭರಮಣ್ಣ ಸಿಸ್ಟಮ್ ಬಂದ್ ಮಾಡಿ, ಬೆರಳೆತ್ತಿ ನನ್ನನ್ನು ಸುಮ್ಮನಾಗಿಸಿದರು.

"ತಡೀರಿ. ಒಳಗ ಆಕಿ ಏನೋ ಹೇಳಾಕತ್ತಾಳ."