ಮಾನ್ವಿಯಲ್ಲಿ ಸಣ್ಣಾಕಿ

ಇವತ್ತು ಬೆಳಿಗ್ಗೆ ಇಸ್ತ್ರಿ ಪೆಟ್ಟಿಗೆ ಹಿಡಿದು ಕೂತಿದ್ದೆ. ಮಕ್ಕಳಿಗೆ ಗಿಡ್ಡವಾದ ಹೋದ ವರ್ಷದ ಎರಡು ಶಾಲೆಯ ಲಂಗಗಳನ್ನು ನನ್ನ ಹೆಂಡತಿ ಸುಧಾ ತೊಳೆದು ಇಟ್ಟಿದ್ದಳು. ಮಸರಕಲ್ಲಿನಲ್ಲಿರುವ ನನ್ನ ತಮ್ಮನ ಮಗಳಿಗೆ ಕೊಡಬೇಕಂತೆ. ಎರಡೂ ಒಂದೇ ದಿನ ಹೊಲಿಸಿದವು, ಒಂದೇ ನೀಲಿ, ಒಂದೇ ಅಳತೆ. ಒಂದು ಸಲೀಸಾಗಿ ಮಡಿಕೆಗೆ ಬಂತು. ಇನ್ನೊಂದರ ಎಡಮಗ್ಗುಲ ನೆರಿಗೆಗಳು ಎಷ್ಟು ನೀರು ಚಿಮುಕಿಸಿ ಒತ್ತಿದರೂ ಕೂರಲೊಲ್ಲವು. ಯಾರೋ ತಿಂಗಳುಗಟ್ಟಲೆ ಮುಷ್ಟಿಯಲ್ಲಿ ಹಿಡಿದು ಜಗ್ಗಿದಂತೆ ಅಂಚು ಜೋತುಬಿದ್ದಿತ್ತು. ಲಂಗ ಸಿಂಚನಾಳದು, ಜಗ್ಗಿದವಳು ರಚನಾ. ಇಬ್ಬರೂ ನನ್ನ ಅವಳಿ ಹೆಣ್ಣುಮಕ್ಕಳು.

ಅವಳಿ ಮಕ್ಕಳ ಅಪ್ಪನಾಗಿ ನೋಡಿ, ರಾಯಚೂರಿನಲ್ಲಿ ನಿಮ್ಮ ಯೋಗಕ್ಷೇಮ ಕೇಳುವವರು ಯಾರೂ ಉಳಿಯುವುದಿಲ್ಲ. ಕಿರಾಣಿ ಅಂಗಡಿಯವನು, ಬಸ್ ಕಂಡಕ್ಟರ್, ಕೊನೆಗೆ ಹಲ್ಲು ಕೀಳುವ ಡಾಕ್ಟರು ಕೂಡ ಕೇಳುವುದು ಒಂದೇ ಮಾತು: "ಇಬ್ರಾಗ ದೊಡ್ಡಾಕಿ ಯಾಕಿ ರೀ?" ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಗ್ರಹಣ ಯಾಕೆ ಆಗುತ್ತದೆ, ಹಾಲು ಯಾಕೆ ಒಡೆಯುತ್ತದೆ ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಈ ಪ್ರಶ್ನೆಗೆ ಮಾತ್ರ ಐದು ವರ್ಷ ನೆಟ್ಟಗೆ ಉತ್ತರ ಕೊಡಲಾಗಲಿಲ್ಲ, ಯಾಕೆಂದರೆ ನಮ್ಮಲ್ಲಿ ಅದರ ಉತ್ತರ ಊರಿಗೊಂದು ಇತ್ತು.

ಹುಟ್ಟಿದ ದಿನವೇ ಶುರುವಾದದ್ದು ಅದು. ರಚನಾ ಮೊದಲು ಬಂದಳು, ಕೆಲವು ನಿಮಿಷ ಬಿಟ್ಟು ಸಿಂಚನಾ. ಮಸರಕಲ್ಲಿನಿಂದ ಬಂದಿದ್ದ ನನ್ನ ಅವ್ವ ಎರಡನೆಯ ಕೂಸನ್ನು ಎತ್ತಿಕೊಂಡು ಆಸ್ಪತ್ರೆಯ ವರಾಂಡದಲ್ಲೇ ತೀರ್ಪು ಕೊಟ್ಟಳು.

"ಹಿಂದ ಬಂದಾಕಿನೇ ದೊಡ್ಡಾಕಿ. ಬಸ್ಸಿನ್ಯಾಗ ನೋಡಿಲ್ಲೇನು? ಮೊದ್ಲು ಹತ್ತಿದವ್ರು ಒಳಗ ಹೋಗಿ ಕುಂದರ್ತಾರ. ಕಡೀಗೆ ಹತ್ತಿದವ್ರು ಬಾಗಲದಾಗ ನಿಂತು ಮೊದ್ಲು ಇಳೀತಾರ."

ಮೊದಲನೆಯ ಕೂಸು ಮಾನ್ವಿಯ ನನ್ನ ಅತ್ತೆಯ ಕೈಯಲ್ಲಿತ್ತು. ಅವರು ತಲೆ ಎತ್ತದೆ ಹೇಳಿದರು: "ಹೊಟ್ಟ್ಯಾಗಿಂದು ಯಾರು ಕಂಡಾರ್ರೀ? ಮೊದ್ಲು ಬೆಳಕು ಕಂಡಾಕಿ ದೊಡ್ಡಾಕಿ."

ಅವಳಿಗಳು ಹೊಟ್ಟೆಯಲ್ಲಿ ಒಂದೇ ವಯಸ್ಸಿನವು, ಇಬ್ಬರು ಅಜ್ಜಿಯರ ಲೆಕ್ಕವೂ ತಪ್ಪು ಎಂದು ವಿವರಿಸಲು ನನಗೆ ಒಂದು ಇಡೀ ಪಾಠ ಗೊತ್ತಿತ್ತು. ಆ ಇಬ್ಬರು ಹೆಂಗಸರ ಮುಖ ನೋಡಿದ ಮೇಲೆ ಚಹಾ ತರುತ್ತೇನೆಂದು ಹೇಳಿ ಹೊರಗೆ ಹೋದೆ. ಅವತ್ತಿನ ಮುನಿಸಿಗೆ ಅವ್ವ ಮಾನ್ವಿಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಳು.

ಅವ್ವ ನಮ್ಮ ಜೊತೆ ರಾಯಚೂರಿನಲ್ಲೇ ಉಳಿದಳು, ಹಾಗಾಗಿ ನಮ್ಮ ಮನೆಯಲ್ಲಿ ಮಸರಕಲ್ಲಿನ ಕಾನೂನು. ಸಿಂಚನಾ ಅಕ್ಕ, ರಚನಾ ತಂಗಿ. ರಜೆಯಲ್ಲಿ ಮಾನ್ವಿಗೆ ಹೋದರೆ ತಿರುವುಮುರುವು. ನಿಮಗೆ ಆ ರಸ್ತೆ ಗೊತ್ತಿದ್ದರೆ ಕಲ್ಮಲವೂ ಗೊತ್ತಿರುತ್ತದೆ, ಅಲ್ಲಿ ಒಂದು ದಾರಿ ಮಸರಕಲ್ಲಿನ ಕಡೆ ದೇವದುರ್ಗಕ್ಕೆ, ಒಂದು ಮಾನ್ವಿಗೆ ಕವಲೊಡೆಯುತ್ತದೆ. ನಮ್ಮ ಮಕ್ಕಳು ಅಲ್ಲಿ ಅಕ್ಕ ತಂಗಿ ಬದಲಾಗುತ್ತಾರೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸುತ್ತಿದ್ದೆ. ಬಸ್ಸು ಮಾನ್ವಿಯ ಕಡೆ ತಿರುಗಿದ ಕೂಡಲೇ ಸಿಂಚನಾ ಕಾಲು ಆಡಿಸತೊಡಗುತ್ತಿದ್ದಳು. ಅಜ್ಜಿಯ ಮನೆಯಲ್ಲಿ ತಟ್ಟೆ ಮುಟ್ಟುತ್ತಿರಲಿಲ್ಲ, ತುತ್ತು ಮಾಡಿ ಬಾಯಿಗಿಡಬೇಕು. ರಚನಾಳಿಗೆ ಆ ಊರೆಂದರೆ ಅಷ್ಟಕ್ಕಷ್ಟೆ. ಒಂದೇ ಹೊಟ್ಟೆಯಲ್ಲಿ ಬೆಳೆದವರಿಗೆ ಒಂದೇ ಊರು ಯಾಕೆ ಹಿಡಿಸುವುದಿಲ್ಲ ಎಂದು ನನಗೂ ಸುಧಾಳಿಗೂ ಕುತೂಹಲ. ನೀರಿನ ಗುಣ ಇರಬಹುದು ಎಂದೆ ನಾನು, ಅತ್ತೆಯ ಕೈಯ ಶೇಂಗಾ ಹೋಳಿಗೆ ಎಂದಳು ಸುಧಾ.

ಹೋದ ವರ್ಷ ಜೂನ್‌ನಲ್ಲಿ ಇಬ್ಬರನ್ನೂ ಮನೆಗೆ ಹತ್ತಿರದ ಶಾಲೆಗೆ ಯುಕೆಜಿಗೆ ಹಾಕಿದೆವು. ಅವಳಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸುವುದಿಲ್ಲ ಎಂದು ಅಲ್ಲಿಯ ಪದ್ಧತಿ. ನಾವು ಹೆದರಿದ್ದು ರಚನಾಳಿಗಾಗಿ. ಗೇಟಿನ ತನಕ ಅಕ್ಕನ ಲಂಗ ಬಿಡದವಳು ಒಳಗೆ ಏನು ಮಾಡಿಯಾಳು? ಮೊದಲ ದಿನ ಅತ್ತಳು, ಎರಡನೆಯ ದಿನ ಬಿಕ್ಕಿದಳು, ಮೂರನೆಯ ದಿನ ಮನೆಗೆ ಬಂದು ಕೋಲಾಟದ ಹೆಜ್ಜೆ ಹಾಕಿ ತೋರಿಸಿದಳು. ನಾವು ಗೆದ್ದೆವು ಅಂದುಕೊಂಡೆವು. ಸಿಂಚನಾಳ ಬಗ್ಗೆ ಚಿಂತೆಯೇ ಇರಲಿಲ್ಲ, ಅವಳು ದೊಡ್ಡವಳಲ್ಲವೇ?

ತಿಂಗಳ ಮೇಲೆ ಟೀಚರ್ ಕರೆಸಿದರು. "ಸರ್, ನೀವೂ ಮಕ್ಕಳಿಗಿ ಕಲಸೋರು, ಬೇಜಾರಾಗಬ್ಯಾಡ್ರಿ. ರಚನಾ ಬರೀತಾಳ, ಹಾಡ್ತಾಳ. ಸಿಂಚನಾ ಪೆನ್ಸಿಲ್ಲೇ ಹಿಡಿಯಂಗಿಲ್ರೀ. ಕಣ್ಣೆಲ್ಲಾ ಬಾಜೂ ಕ್ಲಾಸಿನ ಕಡಿಗೇ. ಇನ್ನೊಂದು ತಿಂಗಳು ನೋಡೂಣ. ಹಿಂಗೇ ಇದ್ರ ಆಕೀನ್ನ ಮನ್ಯಾಗ ಇಟ್ಕೊಳ್ರಿ, ಮುಂದಿನ ವರ್ಷ ಕಳಸ್ರಿ."

ಒಬ್ಬಳು ಒಂದು ತರಗತಿ ಹಿಂದೆ. ಅಂದರೆ ಹತ್ತನೆಯ ತರಗತಿಯ ತನಕ, ಅದರಾಚೆಗೂ ಹಿಂದೆ. ಶನಿವಾರ ಎರಡೂ ಕ್ಲಾಸಿಗೆ ಕೂಡಿಸಿ ಸ್ಕೇಟಿಂಗ್ ಎಂದು ಕೇಳಿ ನಾನೂ ಸುಧಾನೂ ಕಾಂಪೌಂಡಿನ ಹೊರಗೆ ನಿಂತು ನೋಡಿದೆವು. ಹೊಸ ಆಟ, ಹೊಸ ಗಾಲಿ ಬೂಟು, ಮಕ್ಕಳೆಲ್ಲ ಬೀಳುತ್ತಾ ಏಳುತ್ತಾ ಕೇಕೆ ಹಾಕುತ್ತಿದ್ದಾರೆ. ಸಿಂಚನಾ ತನ್ನ ಬೂಟು ಬದಿಗಿಟ್ಟು ರಚನಾಳ ನೀರಿನ ಬಾಟಲಿ ಎದೆಗವಚಿಕೊಂಡು ಗೋಡೆಗೆ ಆತು ನಿಂತಿದ್ದಾಳೆ. ಮದುವೆ ಮನೆಯಲ್ಲಿ ಚಪ್ಪಲಿ ಕಾಯುವವರ ಹಾಗೆ.

ಮನೆಗೆ ಬಂದ ಮೇಲೆ ಸುಧಾ ಅವಳನ್ನು ಹತ್ತಿರ ಕೂಡಿಸಿಕೊಂಡು ಮೆತ್ತಗೆ ಕೇಳಿದಳು, "ಯಾಕವ್ವಾ, ನಿನಗ ಆಡಬೇಕು ಅನಸಂಗಿಲ್ಲೇನು?"

"ರಚ್ಚಿ ಬಿದ್ರ ಯಾರು ಎತ್ತತಾರ?" ಎಂದಳು ಮಗಳು. ಆಮೇಲೆ, "ಮಮ್ಮಿ, ಮಾನ್ವಿಗೆ ಯಾವಾಗ ಹೋಗೂದು?"

ನನಗೆ ಸಿಟ್ಟು ಬಂತು. ಪಾಠದ ಮಾತಿಗೆ ಪ್ರವಾಸದ ಉತ್ತರ ಕೊಡುವ ಹುಡುಗರನ್ನು ಶಾಲೆಯಲ್ಲಿ ದಿನಾ ನೋಡುತ್ತೇನಲ್ಲ, ಅದೇ ದನಿಯಲ್ಲಿ ಗದರಿದೆ. "ಸಾಲಿ ಬಿಟ್ಟು ಮಾನ್ವಿ ಯಾಕ ನಿನಗ? ದೊಡ್ಡಾಕಿ ಇದ್ದಿ, ಇಷ್ಟು ತಿಳಿಯಂಗಿಲ್ಲೇನು?"

ಅವಳು ಅಳಲಿಲ್ಲ. ನನ್ನನ್ನೇ ನೋಡಿ, "ಮಾನ್ವ್ಯಾಗ ನಾ ಸಣ್ಣಾಕಿ ಇರ್ತೀನಿ ಪಪ್ಪಾ" ಎಂದಳು.

ಸುಧಾ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಹೋಳಿಗೆಯೂ ನೀರಿನ ಗುಣವೂ ಅಲ್ಲಿಗೆ ಮುಗಿದವು. ನೀ ದೊಡ್ಡಾಕಿ, ಗೊಂಬಿ ಆಕೀಗೆ ಕೊಡು. ನೀ ದೊಡ್ಡಾಕಿ, ಕೈ ಬಿಡಬ್ಯಾಡ. ನೀ ದೊಡ್ಡಾಕಿ, ನಡಕೊಂತ ಬಾ. ಈ ಮಾತುಗಳನ್ನೆಲ್ಲ ಐದು ವರ್ಷ ಆಡಿದವನು ನಾನೇ. ಕೆಲವು ನಿಮಿಷ ತಡವಾಗಿ ಹುಟ್ಟಿದ ಕೂಸಿಗೆ ನಾವು ಇನ್ನೊಂದು ಕೂಸನ್ನು ಸಾಕಲು ಕೊಟ್ಟಿದ್ದೆವು. ನನಗೆ ನಾಚಿಕೆಯಾಯಿತು.

ಅವ್ವನಿಗೆ ಹೇಳುವುದು ಹೇಗೆ ಎನ್ನುವುದು ಮುಂದಿನ ಕಷ್ಟ. ಜೋಳ ಹಸನು ಮಾಡುತ್ತಾ ಕೂತಿದ್ದವಳು ಎಲ್ಲ ಕೇಳಿಸಿಕೊಂಡಿದ್ದಳು. ಜಗಳಕ್ಕೆ ಸಿದ್ಧನಾಗಿ ಹೋದ ನನಗೆ ಅವಳ ದನಿ ವಿಚಿತ್ರವಾಗಿ ಕೇಳಿತು.

"ನಾನೂ ದೊಡ್ಡಾಕಿನೇ ಇದ್ದೆ ನೋಡಪ್ಪಾ. ಐದು ಮಂದಿ ತಮ್ಮ ತಂಗಿ, ಎಲ್ಲಾರ್ನೂ ಬಗಲಾಗ ಹೊತ್ತು ಬೆಳಸೀನಿ. ತಮ್ಮಗೋಳನ್ನ ಸಾಲಿ ಬಾಗಲ ತನಕ ಬಿಟ್ಟು ಬರ್ತಿದ್ದೆ. ಒಳಗ ಹ್ಯಾಂಗ ಇರ್ತದ ನೋಡಿಲ್ಲ." ಮೊರದ ಕಾಳನ್ನು ಬೆರಳಿನಿಂದ ಅತ್ತಿತ್ತ ಸರಿಸಿದಳು. "ದೊಡ್ಡಾಕಿ ಅನ್ನಸ್ಕೊಳ್ಳೂದು ಒಂದು ಮಾನ ಅಂತ ತಿಳಕೊಂಡಿದ್ದೆ. ಅದಕ್ಕ ಆ ಕೂಸಿಗಿ ಕೊಟ್ಟೆ."

ಸೋಮವಾರ ನಮ್ಮ ಜೊತೆ ಅವ್ವನೂ ಶಾಲೆಯ ಗೇಟಿಗೆ ಬಂದಳು. ಸಿಂಚನಾಳ ಲಂಗದಿಂದ ರಚನಾಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡಳು.

"ಸಾಲ್ಯಾಗ ದೊಡ್ಡಾಕಿ ಅಂದ್ರ ಟೀಚರ್ ಒಬ್ಬಾಕಿನೇ. ನೀವಿಬ್ರೂ ಸಣ್ಣವ್ರು. ತಿಳೀತಿಲ್ಲೋ?"

"ರಚ್ಚಿ ಬಿದ್ರ?" ಎಂದಳು ಸಿಂಚನಾ.

"ಟೀಚರ್ ಎತ್ತತಾಳ."

"ನಾ ಬಿದ್ರ?"

ಸಿಂಚನಾನೂ ಬೀಳಬಹುದು ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ. "ನಿನ್ನೂ ಆಕಿನೇ ಎತ್ತತಾಳ ನನ್ನವ್ವಾ" ಎಂದಳು ಅವ್ವ.

ಆ ಶನಿವಾರ ನಾನೂ ಸುಧಾನೂ ಮತ್ತೆ ಕಾಂಪೌಂಡಿನ ಹೊರಗೆ. ಸಿಂಚನಾ ಬಹಳ ಹೊತ್ತು ಬೂಟನ್ನು ತಿರುಗಿಸಿ ಮುರುಗಿಸಿ ನೋಡಿದಳು, ಗಾಲಿಯನ್ನು ಬೆರಳಿನಿಂದ ಸುತ್ತಿಸಿದಳು. ಕೊನೆಗೆ ಹಾಕಿಕೊಂಡು ಎದ್ದು ನಿಂತಳು. ಎರಡು ಮಾರು ಹೋಗಿ ದಪ್ಪನೆ ಬಿದ್ದಳು. ಸುಧಾ ಗೇಟಿನ ಕಡೆ ಓಡಿದಳು, ನಾನು ಅವಳ ಕೈ ಹಿಡಿದೆ. ರಚನಾ ಒಮ್ಮೆ ಹೊರಳಿ ನೋಡಿ ತನ್ನ ಪಾಡಿಗೆ ಸುತ್ತು ಹೊಡೆಯುತ್ತಿದ್ದಳು, ಬಲು ಗಟ್ಟಿಗಿತ್ತಿ. ಕೆಳಗೆ ಕೂತ ಸಿಂಚನಾ ಏಳಲಿಲ್ಲ. ಬಾಯಿ ತೆರೆದು ಜೋರಾಗಿ ಅಳುತ್ತಾ ಎರಡೂ ಕೈ ಮೇಲೆತ್ತಿದಳು. ಎತ್ತಿಕೋ ಎಂದು ಆ ಮಗು ಕೈ ಎತ್ತಿದ್ದನ್ನು ಮಾನ್ವಿಯ ಹೊರಗೆ ನಾನು ನೋಡಿರಲೇ ಇಲ್ಲ. ನನ್ನ ತೋಳಿನಲ್ಲಿ ಯಾವಾಗಲೂ ಇನ್ನೊಬ್ಬಳಿರುತ್ತಿದ್ದಳು. ಟೀಚರ್ ಓಡಿ ಬಂದು ಎತ್ತಿದರು. ನಾನು ಕನ್ನಡಕ ಒರೆಸಿಕೊಂಡೆ.

ಅಲ್ಲಿಂದ ಮುಂದೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಅವಳ ಕಣ್ಣು ಇನ್ನೂ ಎಷ್ಟೋ ದಿನ ಪಕ್ಕದ ಕೋಣೆಗೆ ಹೋಗುತ್ತಿತ್ತು. ಆದರೆ ದಸರಾ ಹೊತ್ತಿಗೆ ಪೆನ್ಸಿಲ್ ಓಡಿತು, ಮನೆಯಲ್ಲಿರಿಸಿಕೊಳ್ಳುವ ಮಾತು ಟೀಚರ್ ಮತ್ತೆ ಎತ್ತಲಿಲ್ಲ. ನಾಳೆ ಇಬ್ಬರೂ ಒಂದನೇ ತರಗತಿಗೆ ಕೂಡಿಯೇ ಹೋಗುತ್ತಿದ್ದಾರೆ. ಈಗ ಯಾರಾದರೂ ದೊಡ್ಡಾಕಿ ಯಾಕಿ ಎಂದು ಕೇಳಿದರೆ, ಅವರನ್ನೇ ಕೇಳ್ರಿ ಎಂದು ಹೇಳಿ ಸುಮ್ಮನಾಗುತ್ತೇನೆ. ದಿನಕ್ಕೊಂದು ಉತ್ತರ ಬರುತ್ತದೆ.

ಇಸ್ತ್ರಿ ಆರಿಸಿ ಇದನ್ನೆಲ್ಲ ಯೋಚಿಸುತ್ತಾ ಕೂತಿದ್ದೆ. ಪಡಸಾಲೆಯಲ್ಲಿ ಅವ್ವ ಸಿಂಚನಾಳ ತಲೆ ಬಾಚುತ್ತಿದ್ದಳು.

"ಆಯಿ, ನೀನೂ ದೊಡ್ಡಾಕಿ ಇದ್ದೆಂತ ಹೌದೇನು?"

"ಹೌದವ್ವಾ."

"ಮತ್ತ ನೀ ಎಲ್ಲಿ ಹೋದ್ರ ಸಣ್ಣಾಕಿ ಆಗ್ತಿದ್ದಿ?"

ಬಾಚಣಿಗೆ ನಿಂತಿತು. "ಎಲ್ಲೂ ಇಲ್ಲ ಬೇ" ಎಂದಳು ಅವ್ವ. ಜಡೆ ಹೆಣೆದು ರಿಬ್ಬನ್ ಕಟ್ಟಿದಳು. ಆಮೇಲೆ ಅಲ್ಲಿಂದಲೇ ನನ್ನನ್ನು ಕರೆದಳು.

"ಯಪ್ಪಾ, ನಿಮ್ಮ ಮಾನ್ವಿ ಅತ್ತಿ ನನಕಿಂತ ದೊಡ್ಡಾಕಿ ಹೌದಲ್ಲೋ?"

"ಹೌದವ್ವಾ, ನಾಕೈದು ವರ್ಷ ದೊಡ್ಡವ್ರು."

ಅವ್ವ ಬಾಚಣಿಗೆಯ ಕೂದಲು ತೆಗೆದು ಸುತ್ತಿದಳು.

"ಬರೂ ಐತ್ವಾರ ಮಾನ್ವಿಗಿ ಹೋಗೂದಿದ್ರ ಹೇಳು. ನಾನೂ ಬರ್ತೀನಿ."